ಮನೆ ಬಿಟ್ಟಾಗ ಕಡಿಯುವ ಎಳೆ

ಒಂದು ಕುಟುಂಬವು ಮನೆ ಬದಲಾಯಿಸುವಾಗ ಅದು ಬಳಸುತ್ತಿರುವ ನಾಗರಿಕ ಸೇವೆಗಳೆಲ್ಲ ಒಂದೇ ರೀತಿಯಲ್ಲಿ ನಡೆದುಕೊಳ್ಳುವುದಿಲ್ಲ. ವಿದ್ಯುತ್ತು ಮತ್ತು ನೀರು ಕಟ್ಟಡಕ್ಕೆ ಸೇರಿದವು. ಕರ್ನಾಟಕದಲ್ಲಿ ಪ್ರತಿಯೊಂದು ವಿದ್ಯುತ್ ಸಂಪರ್ಕಕ್ಕೂ ಇರುವ ಆರ್.ಆರ್. ಸಂಖ್ಯೆಯು ಆ ಜಾಗದ ಗುರುತಾಗಿರುತ್ತದೆಯೇ ಹೊರತು ಅಲ್ಲಿ ವಾಸಿಸುವವರ ಗುರುತಲ್ಲವಾದ್ದರಿಂದ, ಬಾಡಿಗೆದಾರರು ಎಷ್ಟು ಸಲ ಬದಲಾದರೂ ಮೀಟರು ಅದೇ ಗೋಡೆಯ ಮೇಲಿರುತ್ತದೆ, ಬಿಲ್ಲು ಕಟ್ಟುವವರು ಮಾತ್ರ ಬೇರೆಯಾಗುತ್ತಾರೆ. ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ, ಪಡಿತರ ಚೀಟಿ, ಅಡುಗೆ ಅನಿಲದ ಸಂಪರ್ಕ ಇವು ವ್ಯಕ್ತಿಗೆ ಸೇರಿದವು. ಊರು ಬದಲಾದರೂ ಕಾಗದಪತ್ರಗಳ ಮೂಲಕ ಅವು ಹಿಂಬಾಲಿಸಿ ಬರುತ್ತವೆ. ಮನೆಗೆ ಬರುವ ಇಂಟರ್‌ನೆಟ್ ಸಂಪರ್ಕವು ಈ ಎರಡೂ ವರ್ಗಗಳಿಗೆ ಸೇರುವುದಿಲ್ಲ. ಮನೆ ಬಿಟ್ಟವರ ಜೊತೆಗೆ ಅದು ಹೋಗುವುದಿಲ್ಲ, ಮನೆಗೆ ಬರುವವರಿಗಾಗಿ ಉಳಿಯುವುದೂ ಇಲ್ಲ. ಹಳೆಯ ಮನೆಯಲ್ಲಿ ಮುಚ್ಚಿಹೋಗಿ, ಹೊಸ ಮನೆಯಲ್ಲಿ ಮೊದಲಿನಿಂದ ಹುಟ್ಟಬೇಕಾದ ಈ ಸೇವೆಯ ಎರಡು ತುದಿಗಳ ನಡುವೆ ಬೀಳುವ ಖಾಲಿ ದಿನಗಳು, ಮನೆಯಿಂದಲೇ ಕೆಲಸ ಮಾಡುವವರ ಪಾಲಿಗೆ ಕೂಲಿಯಿಲ್ಲದ ದಿನಗಳಾಗುತ್ತವೆ.

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹುಡಗಿಯಂಥ ಊರಿನಲ್ಲಿ ಈ ಸಮಸ್ಯೆಯನ್ನು ಮಹಾನಗರಕ್ಕಿಂತ ಸ್ಪಷ್ಟವಾಗಿ ನೋಡಬಹುದು. ಹುಮನಾಬಾದಿನ ಮೂಲಕ ಪುಣೆ ಮತ್ತು ಹೈದರಾಬಾದುಗಳನ್ನು ಸೇರಿಸುವ ರಾಷ್ಟ್ರೀಯ ಹೆದ್ದಾರಿ 65 ಹಾದುಹೋಗುತ್ತದೆ. ಬೀದರ್, ಕಲಬುರಗಿ, ವಿಜಯಪುರಗಳನ್ನು ಪೋಣಿಸುವ ಹೆದ್ದಾರಿ 50 ಅದನ್ನು ಅಲ್ಲಿಯೇ ಸಂಧಿಸುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವೂ ಪೂರ್ಣಗೊಂಡಿತು. ಹೀಗಾಗಿ ಹುಮನಾಬಾದ್ ಮತ್ತು ಬಸವಕಲ್ಯಾಣಗಳ ಸುತ್ತಲಿನ ವಿದ್ಯಾವಂತ ಯುವಕ ಯುವತಿಯರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರದ ಊರು, ಪುಣೆ ಅದರ ನಂತರದ್ದು. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಈ ಮೂರು ನಗರಗಳಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದವರಲ್ಲಿ ಕೆಲವರು ಹೊಲ, ತಂದೆತಾಯಿ, ನಗರದ ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕಿ ಅರ್ಧ ಕಾಲ ಊರಿನಲ್ಲಿ, ಅರ್ಧ ಕಾಲ ನಗರದಲ್ಲಿ ಇರುವ ಬದುಕನ್ನು ರೂಢಿಸಿಕೊಂಡರು. ಅವರ ಜೊತೆಗೆ ಆನ್‌ಲೈನ್ ಪಾಠ ಹೇಳುವವರು, ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವರು, ಸರ್ಕಾರಿ ಸೇವೆಗಳನ್ನು ಹಳ್ಳಿಯಲ್ಲಿಯೇ ಒದಗಿಸುವ, 2022ರಿಂದ ವಿಸ್ತರಿಸಿದ ಗ್ರಾಮ ಒನ್ ಕೇಂದ್ರಗಳನ್ನು ನಡೆಸುವವರು ಇವರೆಲ್ಲರನ್ನೂ ಸೇರಿಸಿದರೆ, ನೆಟ್ ಇಲ್ಲದಿದ್ದರೆ ಅಂದಿನ ಗಳಿಕೆಯೇ ಇಲ್ಲ ಎನ್ನುವ ಒಂದು ವರ್ಗವು ಹಳ್ಳಿಗಳಲ್ಲಿಯೂ ಹುಟ್ಟಿಕೊಂಡಿದೆ ಎಂಬುದು ತಿಳಿಯುತ್ತದೆ.

ಇಂಥ ಊರುಗಳಲ್ಲಿ ಮನೆ ಬದಲಾಯಿಸುವುದಕ್ಕೆ ಒಂದಕ್ಕಿಂತ ಹೆಚ್ಚು ರೂಪಗಳಿವೆ. ನಗರದ ಬಾಡಿಗೆ ಮನೆ ಖಾಲಿ ಮಾಡಿ ಊರಿನ ಮನೆಗೆ ಬರುವುದು ಒಂದಾದರೆ, ಮಕ್ಕಳ ಶಾಲೆಗಾಗಿ ಊರು ಬಿಟ್ಟು ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆ ಹಿಡಿಯುವುದು ಇನ್ನೊಂದು. ಹಳೆಯ ಓಣಿಯ ಮನೆಯಿಂದ ಊರ ಹೊರಗಿನ ಪ್ಲಾಟಿನಲ್ಲಿ ಕಟ್ಟಿಸಿದ ಮನೆಗೆ ಹೋಗುವುದು ಮೂರನೆಯದು. ನೋಡುವವರಿಗೆ ಮೂರನೆಯದು ಅತ್ಯಂತ ಸುಲಭವೆಂದು ತೋರುತ್ತದೆ, ಏಕೆಂದರೆ ಒಂದು ಟ್ರ್ಯಾಕ್ಟರಿನಲ್ಲಿ ಸಾಮಾನು ಸಾಗಿಸಿದರೆ ಕೆಲಸ ಮುಗಿಯಿತು. ಸಂಪರ್ಕದ ದೃಷ್ಟಿಯಿಂದ ಅದೇ ಅತ್ಯಂತ ಕಠಿಣವಾಗಬಹುದು, ಏಕೆಂದರೆ ಹೊಸ ಪ್ಲಾಟುಗಳತ್ತ ವಿದ್ಯುತ್ ಕಂಬ ಬಂದ ಬಹಳ ಕಾಲದ ಮೇಲೆ ಕೇಬಲ್ ಬರುತ್ತದೆ.

ಈ ಕಗ್ಗಂಟಿನ ಬೇರು ಸ್ಥಿರ ದೂರವಾಣಿಯ ಕಾಲದಲ್ಲಿದೆ. ಭಾರತದ ದೂರವಾಣಿ ಜಾಲವನ್ನು ಅಲ್ಪದೂರ ಕರೆ ವಲಯಗಳೆಂಬ ಸಣ್ಣ ಭೂಭಾಗಗಳಾಗಿ ವಿಂಗಡಿಸಿ, ಸಾಮಾನ್ಯವಾಗಿ ತಾಲ್ಲೂಕಿಗೊಂದರಂತೆ ಎಸ್‌ಟಿಡಿ ಸಂಕೇತವನ್ನು ಕೊಡಲಾಯಿತು. ಹುಮನಾಬಾದಿಗೆ 08483, ನೆರೆಯ ಬಸವಕಲ್ಯಾಣಕ್ಕೆ 08481, ಜಿಲ್ಲಾ ಕೇಂದ್ರ ಬೀದರಿಗೆ 08482 ಎಂಬಂತೆ. ಚಂದಾದಾರರ ಮನೆಯಿಂದ ಹೊರಟ ಜೋಡಿ ತಾಮ್ರದ ತಂತಿ ಎಕ್ಸ್‌ಚೇಂಜಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ಕೊನೆಗೊಳ್ಳುತ್ತಿತ್ತು, ಸಂಖ್ಯೆಯು ವಾಸ್ತವದಲ್ಲಿ ಆ ಸ್ಥಾನದ ಹೆಸರಾಗಿತ್ತು. ಆದ್ದರಿಂದ ಹುಡಗಿಯಿಂದ ಬಸವಕಲ್ಯಾಣಕ್ಕೆ ಮನೆ ಬದಲಾಯಿಸಿದವರಿಗೆ ಜಿಲ್ಲೆ ಅದೇ ಆದರೂ ಹಳೆಯ ಸಂಖ್ಯೆ ಉಳಿಯುತ್ತಿರಲಿಲ್ಲ. ಮೊಬೈಲಿನಲ್ಲಿ ಈ ಕಟ್ಟು ಹರಿಯಿತು: 2011ರ ಜನವರಿ 20ರಂದು ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಹಕ್ಕು ದೇಶದಾದ್ಯಂತ ಬಂತು, 2015ರ ಜುಲೈ 3ರಿಂದ ರಾಜ್ಯ ದಾಟಿದರೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಬಹುದಾಯಿತು. ಸ್ಥಿರ ಸಂಪರ್ಕಕ್ಕೆ ಇಂಥ ಹಕ್ಕು ಬರಲಿಲ್ಲ. ತಾಮ್ರದ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಕೊಟ್ಟ ಕಾಲದಲ್ಲಿ ಅದು ಎಕ್ಸ್‌ಚೇಂಜಿನಿಂದ ಮನೆ ಎಷ್ಟು ದೂರ ಎಂಬುದನ್ನು ಅವಲಂಬಿಸಿತು, ದೂರ ಹೆಚ್ಚಿದಂತೆ ವೇಗ ಕುಸಿಯಿತು. ತಾಮ್ರ ಹೋಗಿ ಫೈಬರ್ ಬಂದರೂ, ಚಂದಾದಾರರೆಂದರೆ ಒಂದು ತಂತಿಯ ತುದಿ ಎಂಬ ಹಳೆಯ ಎಣಿಕೆ ಹೋಗಲಿಲ್ಲ.

ಫೈಬರ್ ಜಾಲ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿತರೆ ಇದು ತಿಳಿಯಾಗುತ್ತದೆ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕಿನ ಮಿಡಿತಗಳನ್ನು ಹರಿಸುವ ಈ ವ್ಯವಸ್ಥೆಯಲ್ಲಿ ಸೇವಾದಾರರ ಕಡೆ ಇರುವ ಯಂತ್ರಕ್ಕೆ ಓಎಲ್‌ಟಿ ಎಂದೂ, ಮನೆಯ ಗೋಡೆಯ ಮೇಲಿರುವ, ಜನ ವೈಫೈ ಬಾಕ್ಸ್ ಎಂದು ಕರೆಯುವ ಪೆಟ್ಟಿಗೆಗೆ ಓಎನ್‌ಟಿ ಎಂದೂ ಹೆಸರು. ಓಎಲ್‌ಟಿಯ ಒಂದು ಕಿಂಡಿಯಿಂದ ಹೊರಟ ಒಂದೇ ಎಳೆಯನ್ನು ಸ್ಪ್ಲಿಟರ್ ಎಂಬ, ವಿದ್ಯುತ್ತೇ ಬೇಡದ ಸಣ್ಣ ಸಾಧನವು ಸಾಮಾನ್ಯವಾಗಿ 32 ಅಥವಾ 64 ಕವಲುಗಳಾಗಿ ಹಂಚುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವ ಜಿಪಾನ್ ಎಂಬ ತಂತ್ರದಲ್ಲಿ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಅದರ ಅರ್ಧದಷ್ಟು ದತ್ತಾಂಶ ಹರಿಯಬಲ್ಲದು. ಈ ಹರಿವನ್ನು ಕವಲುಗಳ ಮನೆಗಳೆಲ್ಲ ಸಮಯ ಹಂಚಿಕೊಂಡು ಬಳಸುತ್ತವೆ. ಕೆಳಗೆ ಬರುವ ದತ್ತಾಂಶವು ಎಲ್ಲ ಕವಲುಗಳಿಗೂ ತಲುಪುವುದರಿಂದ, ಯಾವ ಪೆಟ್ಟಿಗೆ ಯಾವುದನ್ನು ಓದಬಹುದು ಎಂಬುದನ್ನು ಓಎಲ್‌ಟಿ ತನ್ನಲ್ಲಿ ನೋಂದಾಯಿಸಿಕೊಂಡ ಪೆಟ್ಟಿಗೆಯ ಕ್ರಮಸಂಖ್ಯೆಯ ಮೇಲೆ ನಿರ್ಧರಿಸುತ್ತದೆ. ಹಳೆಯ ಮನೆಯ ಪೆಟ್ಟಿಗೆಯನ್ನು ಕಿತ್ತು ತಂದು ಹೊಸ ಮನೆಯಲ್ಲಿ ಸಿಕ್ಕಿಸಿದರೆ ಅದು ಕೆಲಸ ಮಾಡದಿರುವುದಕ್ಕೆ ಕಾರಣ ಇದೇ: ಹೊಸ ಓಣಿಯು ಬೇರೆ ಕಿಂಡಿಗೋ ಬೇರೆ ಓಎಲ್‌ಟಿಗೋ ಸೇರಿದ್ದರೆ ಆ ಪೆಟ್ಟಿಗೆಯನ್ನು ಅಲ್ಲಿ ಹೊಸದಾಗಿ ನೋಂದಾಯಿಸಬೇಕು. ಹೊಸ ಮನೆಗೆ ಎಳೆಯೇ ಬಂದಿರದಿದ್ದರೆ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗುತ್ತದೆ, ಅಂದರೆ ಬೆಳಕು ಬರುತ್ತಿಲ್ಲ ಎಂದರ್ಥ.

ಕಾಗದದ ಮೇಲೆ ಇದನ್ನೆಲ್ಲ ಸ್ಥಳಾಂತರ ಎಂಬ ಒಂದೇ ಮಾತಿನಲ್ಲಿ ಮುಗಿಸಲಾಗುತ್ತದೆ. ವಾಸ್ತವದಲ್ಲಿ ಅದು ಒಂದು ಸಂಪರ್ಕವನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಕೆಲಸ. ಹತ್ತಿರದ ಸ್ಪ್ಲಿಟರಿನಲ್ಲಿ ಖಾಲಿ ಕವಲು ಇರಬೇಕು, ಅಲ್ಲಿಂದ ಮನೆಯವರೆಗೆ ಕಂಬದಿಂದ ಕಂಬಕ್ಕೆ ಕೇಬಲ್ ಎಳೆಯಬೇಕು, ಗಾಜಿನ ತುದಿಗಳನ್ನು ಬೆಸೆಯುವ ಯಂತ್ರ ಹಿಡಿದ ಕೆಲಸಗಾರ ಬರಬೇಕು, ಆಮೇಲೆ ನೋಂದಣಿಯಾಗಬೇಕು. ದೊಡ್ಡ ಕಂಪನಿಗಳ ಹೆಸರಿನಲ್ಲಿ ನಡೆಯುವ ಈ ಕೆಲಸವನ್ನು ಸಣ್ಣ ಊರುಗಳಲ್ಲಿ ಮಾಡುವವರು ಬಹುಮಟ್ಟಿಗೆ ಸ್ಥಳೀಯ ಪಾಲುದಾರರು, ಹಲವೆಡೆ ಹಿಂದೆ ಟಿವಿ ಕೇಬಲ್ ನಡೆಸುತ್ತಿದ್ದವರೇ. ಒಬ್ಬನೇ ಲೈನ್‌ಮನ್ ಹಲವು ಹಳ್ಳಿಗಳನ್ನು ನೋಡಿಕೊಳ್ಳುವಲ್ಲಿ ಸರದಿ ಉದ್ದವಾಗುವುದು ಸಹಜ. ಸರದಿಯನ್ನು ಇನ್ನಷ್ಟು ಬೆಳೆಸುವುದು ಪಂಚಾಂಗ: ಆಷಾಢ ಹಾಗೂ ಅಮಾವಾಸ್ಯೆಗಳನ್ನು ಬಿಟ್ಟು, ಯುಗಾದಿಯಿಂದ ಶಾಲೆ ಶುರುವಾಗುವವರೆಗಿನ ಒಳ್ಳೆಯ ದಿನಗಳಲ್ಲಿಯೇ ಹೆಚ್ಚಿನವರು ಮನೆ ಬದಲಾಯಿಸುವುದರಿಂದ ಬೇಡಿಕೆ ಕೆಲವೇ ವಾರಗಳಲ್ಲಿ ಒತ್ತೊತ್ತಾಗಿ ಬೀಳುತ್ತದೆ. ಹಾಲು ಉಕ್ಕಿಸುವುದಕ್ಕೆ ಗಳಿಗೆ ನೋಡುವವರಲ್ಲಿ ಅದೇ ದಿನ ನೆಟ್ ಬರುವುದೇ ಎಂದು ಮೊದಲು ವಿಚಾರಿಸುವವರು ಕಡಿಮೆ. ಪಂಚಾಂಗಕ್ಕೆ ಇನ್ನೂ ಆ ಅಂಗ ಸೇರಿಲ್ಲ.

ಹಳ್ಳಿಗಳಿಗೆ ಫೈಬರ್ ತಲುಪಿಸುವ ಸರ್ಕಾರಿ ಪ್ರಯತ್ನದ ಕಥೆಯನ್ನು ಇಲ್ಲಿ ನೆನೆಯಬೇಕು. 2011ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆದು, 2015ರಲ್ಲಿ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆಯು ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಎಳೆ ಒಯ್ಯುವ ಗುರಿ ಇಟ್ಟುಕೊಂಡಿತು. ಗುರಿ ಇದ್ದದ್ದು ಪಂಚಾಯಿತಿ ಕಚೇರಿಯವರೆಗೆ. ಅಲ್ಲಿಂದ ಓಣಿಗಳಿಗೆ ಯಾರು ಒಯ್ಯಬೇಕೆಂಬುದು ಬಹುಕಾಲ ಅಸ್ಪಷ್ಟವಾಗಿಯೇ ಉಳಿಯಿತು. ಕಚೇರಿಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಒಳಗಿನ ಯಂತ್ರವನ್ನು ನೋಡುವವರಿರಲಿಲ್ಲ, ಕರೆಂಟು ಹೋದರೆ ಅದು ಸುಮ್ಮನಾಗುತ್ತಿತ್ತು. ಮಾರ್ಗವೂ ಮರದ ಕೊಂಬೆಗಳಂತೆ ಕವಲೊಡೆದು ಹೋಗಿದ್ದರಿಂದ ಬುಡದ ಬಳಿ ಎಳೆ ತುಂಡಾದರೆ ಮುಂದಿನ ಪಂಚಾಯಿತಿಗಳೆಲ್ಲ ಒಟ್ಟಿಗೆ ಕತ್ತಲಾಗುತ್ತಿದ್ದವು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದ ಪರಿಷ್ಕೃತ ಭಾರತ್‌ನೆಟ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಈ ಎರಡು ದೋಷಗಳನ್ನೂ ಒಪ್ಪಿಕೊಂಡಂತಾಯಿತು: ಪಂಚಾಯಿತಿಗಳನ್ನು ಉಂಗುರದಾಕಾರದಲ್ಲಿ ಜೋಡಿಸಿ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹರಿವು ಮುಂದುವರಿಯುವಂತೆ ಮಾಡುವುದು, ಮನೆಗಳಿಗೆ ಎಳೆ ಒಯ್ಯುವ ಹೊಣೆಯನ್ನು ಭಾರತ್‌ನೆಟ್ ಉದ್ಯಮಿ ಎಂಬ ಸ್ಥಳೀಯ ಪಾಲುದಾರರಿಗೆ ವಹಿಸಿ 1.5 ಕೋಟಿ ಗ್ರಾಮೀಣ ಮನೆಗಳನ್ನು ತಲುಪುವುದು ಅದರ ಉದ್ದೇಶ.

ಎಳೆ ತುಂಡಾಗುವುದು ಅಪರೂಪದ ಅಪಘಾತವಲ್ಲ. ಹೆದ್ದಾರಿ ಅಗಲೀಕರಣ, ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ನಿನ ಪೈಪು, ಚರಂಡಿ ಈ ಮೂರೂ ಕೆಲಸಗಳು ಒಂದೇ ರಸ್ತೆಯ ಅಂಚಿನಲ್ಲಿ ಜೆಸಿಬಿ ಓಡಿಸುತ್ತವೆ, ಫೈಬರ್ ಮಲಗಿರುವುದೂ ಅದೇ ಅಂಚಿನಲ್ಲಿ. ಅಗೆಯುವವರು ನೆಲದಡಿಯ ಆಸ್ತಿಯ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರವು 2023ರ ಮಾರ್ಚ್ 22ರಂದು ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ಬಿಡುಗಡೆ ಮಾಡಿತು. ಹೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂಬುದು ಆಗ ಸರ್ಕಾರವೇ ಕೊಟ್ಟ ಅಂದಾಜು. ಮನೆ ಬದಲಾಯಿಸಿ, ಅರ್ಜಿ ಹಾಕಿ, ಲೈನ್‌ಮನ್ ಬರುವ ದಿನಕ್ಕೆ ಸರಿಯಾಗಿ ಊರಿನ ಮುಖ್ಯ ಎಳೆಯೇ ಕಡಿದಿದ್ದರೆ ಅವನು ಮೊದಲು ಅದನ್ನು ಬೆಸೆಯಲು ಹೋಗುತ್ತಾನೆ. ನೂರು ಮನೆಗಳ ದುರಸ್ತಿಯ ಮುಂದೆ ಒಂದು ಮನೆಯ ಹೊಸ ಜೋಡಣೆ ಹಿಂದೆ ಸರಿಯುವುದನ್ನು ತಪ್ಪೆನ್ನಲಾಗದು.

ತಂತ್ರದ ತೊಡಕಿಗಿಂತ ಕಾಗದದ ತೊಡಕು ಕೆಲವೊಮ್ಮೆ ಹೆಚ್ಚು ದಿನ ತಿನ್ನುತ್ತದೆ. ಇಂಟರ್‌ನೆಟ್ ಸೇವೆ ಕೊಡುವ ಪ್ರತಿಯೊಂದು ಸಂಸ್ಥೆಯೂ ಪರವಾನಗಿಯ ಷರತ್ತಿನಂತೆ ಚಂದಾದಾರರ ಗುರುತನ್ನೂ ವಿಳಾಸವನ್ನೂ ಪರಿಶೀಲಿಸಬೇಕು. ಬಾಡಿಗೆ ಮನೆಗೆ ಹೋಗುವವರ ಆಧಾರ್ ಕಾರ್ಡಿನಲ್ಲಿ ಹಳೆಯ ವಿಳಾಸವಿರುತ್ತದೆ, ಹೊಸ ವಿಳಾಸಕ್ಕೆ ಇರುವ ಏಕೈಕ ದಾಖಲೆ ಬಾಡಿಗೆ ಕರಾರು ಪತ್ರ. 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸುವುದು ಕಡ್ಡಾಯ. ಆ ಖರ್ಚನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ನಮ್ಮಲ್ಲಿ ವಾಡಿಕೆಯಾಗಿದೆ. ಸಣ್ಣ ಊರುಗಳಲ್ಲಿ ಅದೂ ಇಲ್ಲದೆ ಬಾಯಿಮಾತಿನ ಮೇಲೆಯೇ ಬಾಡಿಗೆ ನಡೆಯುವುದುಂಟು. ಹೀಗೆ ಕಾಗದವಿಲ್ಲದ ಮನೆಯವರು ಮಾಲೀಕರ ಹೆಸರಿನಲ್ಲಿ ಸಂಪರ್ಕ ಪಡೆಯುತ್ತಾರೆ, ಬಿಟ್ಟು ಹೋಗುವಾಗ ಅದನ್ನು ಮುಚ್ಚುವುದಕ್ಕೂ ಒಯ್ಯುವುದಕ್ಕೂ ಅವರಿಗೆ ಅಧಿಕಾರವಿರುವುದಿಲ್ಲ.

ಮನೆ ಬದಲಾಗುತ್ತದೆ ಎಂಬ ಸಾಮಾನ್ಯ ಸಂಗತಿಯನ್ನು ಯೋಜನೆ ರೂಪಿಸುವವರು ಕೊನೆಯಲ್ಲಿ ನೆನೆಯುವುದಕ್ಕೆ ಕರ್ನಾಟಕದ್ದೇ ಇನ್ನೊಂದು ಉದಾಹರಣೆಯಿದೆ. ಮನೆಗಳಿಗೆ ಉಚಿತ ವಿದ್ಯುತ್ತು ಕೊಡಲು 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಫಲಾನುಭವಿಯ ಆಧಾರನ್ನು ಮನೆಯ ಆರ್.ಆರ್. ಸಂಖ್ಯೆಗೆ ಜೋಡಿಸಲಾಯಿತು, ಬಾಡಿಗೆದಾರರು ಬೇರೆ ಮನೆಗೆ ಹೋದಾಗ ಹಳೆಯ ಜೋಡಣೆ ಕಳಚದೆ ಹೊಸ ಮನೆಯಲ್ಲಿ ಲಾಭ ಸಿಗದ ಸ್ಥಿತಿ ಎದುರಾದ ಮೇಲೆ, 2024ರಲ್ಲಿ ಡಿ-ಲಿಂಕ್ ಎಂಬ ಸೌಲಭ್ಯವನ್ನು ಸೇರಿಸಲಾಯಿತು. ವಿದ್ಯುತ್ತಿನ ವಿಷಯದಲ್ಲಿ ಒಂದು ವರ್ಷದಲ್ಲಿ ಸರಿಹೋದದ್ದು ಇಂಟರ್‌ನೆಟ್ಟಿನ ವಿಷಯದಲ್ಲಿ ಇನ್ನೂ ಚರ್ಚೆಗೇ ಬಂದಂತಿಲ್ಲ.

ನೆಟ್ ಬರುವವರೆಗೆ ಮೊಬೈಲಿನ ಹಾಟ್‌ಸ್ಪಾಟ್ ಇದೆಯಲ್ಲ ಎಂಬ ವಾದವನ್ನು ಪರೀಕ್ಷಿಸಬೇಕು. ಫೋನನ್ನೇ ವೈಫೈ ಕೇಂದ್ರವಾಗಿಸಿ ಲ್ಯಾಪ್‌ಟಾಪಿಗೆ ದತ್ತಾಂಶ ಹರಿಸುವ ಈ ಉಪಾಯವು ಮಿಂಚಂಚೆಗೂ ಕಡತಕ್ಕೂ ಸಾಕಾಗುತ್ತದೆ. ವಿಡಿಯೊ ಸಭೆಗೆ ಗಂಟೆಗೆ ಸುಮಾರು 1 ಜಿಬಿ ದತ್ತಾಂಶ ಬೇಕಾಗಬಹುದು, ದಿನಕ್ಕೆ ಒಂದೂವರೆ ಅಥವಾ 2 ಜಿಬಿಯ ಮಿತಿಯಿರುವ ಯೋಜನೆಯಲ್ಲಿ ಮಧ್ಯಾಹ್ನದೊಳಗೆ ಡೇಟಾ ಖಾಲಿಯಾಗುತ್ತದೆ. ವೇಗಕ್ಕಿಂತ ಮುಖ್ಯವಾದದ್ದು ವಿಳಂಬ, ಅಂದರೆ ಕಳಿಸಿದ ಸಂಕೇತವು ಸರ್ವರಿಗೆ ಹೋಗಿ ಮರಳುವುದಕ್ಕೆ ಹಿಡಿಯುವ ಕಾಲ, ಮತ್ತು ಅದರಲ್ಲಾಗುವ ಏರಿಳಿತ. ಫೈಬರಿನಲ್ಲಿ ಸ್ಥಿರವಾಗಿರುವ ಈ ಕಾಲವು ಟವರಿನಲ್ಲಿ ಅಕ್ಕಪಕ್ಕದವರ ಬಳಕೆಗೆ ತಕ್ಕಂತೆ ಏರಿಳಿಯುತ್ತದೆ. ಸಂಜೆ ಊರೆಲ್ಲ ಫೋನು ಹಿಡಿದ ಹೊತ್ತಿನಲ್ಲಿ ಅಮೆರಿಕದ ಗ್ರಾಹಕರ ಜೊತೆ ಸಭೆ ಇಟ್ಟುಕೊಂಡವರಿಗೆ ಇದರ ಬಿಸಿ ತಟ್ಟುತ್ತದೆ. ಕಚೇರಿಯ ಜಾಲಕ್ಕೆ ಸುರಕ್ಷಿತ ಸುರಂಗದಂತೆ ದಾರಿ ಮಾಡಿಕೊಡುವ ವಿಪಿಎನ್ ತಂತ್ರಾಂಶವು ಇಂಥ ಏರಿಳಿತದಲ್ಲಿ ಪದೇಪದೇ ಕಳಚಿಕೊಳ್ಳುತ್ತದೆ.

ಇದಕ್ಕೆ ಮನೆಯ ಕಟ್ಟಡವೂ ಸೇರಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಹಳೆಯ ಮಾಳಗಿ ಮನೆಗಳ ದಪ್ಪ ಕಲ್ಲುಮಣ್ಣಿನ ಗೋಡೆಗಳು ಬೇಸಿಗೆಯ ಬಿಸಿಲನ್ನು ತಡೆಯುವಂತೆಯೇ ರೇಡಿಯೊ ತರಂಗಗಳನ್ನೂ ತಡೆಯುತ್ತವೆ. ಆವರ್ತನ ಹೆಚ್ಚಿದಂತೆ ತರಂಗವು ಗೋಡೆ ದಾಟುವ ಶಕ್ತಿ ಕುಗ್ಗುತ್ತದೆ. 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿ ಸೇವೆಯು ಬಹುಪಾಲು ನೆಚ್ಚಿಕೊಂಡ 3.3 ಗಿಗಾಹರ್ಟ್ಸ್ ಸುತ್ತಲಿನ ತರಂಗಗಳು ಪಡಸಾಲೆಯವರೆಗೆ ಬಂದು ಒಳಕೋಣೆಗೆ ತಲುಪದೆ ಉಳಿಯುವುದು ಇದರಿಂದಲೇ. ಮನೆಯೊಳಗಿನ ವೈಫೈಗೂ ಇದೇ ನಿಯಮ: 5 ಗಿಗಾಹರ್ಟ್ಸ್ ವೈಫೈ ವೇಗವಾದದ್ದು ಆದರೆ ಒಂದು ಗೋಡೆಗೇ ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಹೋಗುತ್ತದೆ. ಟವರ್ ಸಿಗುವ ಜಾಗವೆಂದು ಮಾಳಗಿಯ ಮೇಲೆ ಕುರ್ಚಿ ಹಾಕಿಕೊಂಡವರಿಗೆ ಬೀದರ್ ಸೀಮೆಯ ಏಪ್ರಿಲ್ ತಿಂಗಳ ಬಿಸಿಲಲ್ಲಿ ಹನ್ನೊಂದು ಗಂಟೆಯ ನಂತರ ಕೂರಲಾಗದು. ಮಲೆನಾಡು ಕರಾವಳಿಗಳಲ್ಲಿ ಅಡ್ಡಿಯಾಗುವುದು ಗುಡ್ಡ ಮತ್ತು ಮಳೆ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ತಂದೆ ಹಿಡಿದ ಕೊಡೆಯ ಕೆಳಗೆ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದ ವಿದ್ಯಾರ್ಥಿನಿಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ಹಲವರಿಗೆ ನೆನಪಿರಬಹುದು.

ಕರೆಂಟಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಮನೆಯ ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟಿನಲ್ಲಿ ಕೆಲವೇ ವ್ಯಾಟ್ ಬಳಸುವುದರಿಂದ ಅಂಗೈ ಅಗಲದ ಬ್ಯಾಟರಿಯೂ ಅದನ್ನು ಗಂಟೆಗಟ್ಟಲೆ ನಡೆಸಬಲ್ಲದು, ಸ್ಪ್ಲಿಟರಿಗೆ ವಿದ್ಯುತ್ತೇ ಬೇಡ. ಆದ್ದರಿಂದ ಓಎಲ್‌ಟಿ ಇರುವ ಕಡೆ ಬ್ಯಾಟರಿ ಸರಿಯಾಗಿದ್ದರೆ ಊರು ಕತ್ತಲಾದಾಗಲೂ ನೆಟ್ ಇರಬಹುದು.

ಮನೆಯಿಂದ ಕೆಲಸ ಮಾಡುವುದನ್ನು ಕಾನೂನು ಹೇಗೆ ಕಂಡಿದೆ ಎಂಬುದು ಈ ವಿಷಯದ ಇನ್ನೊಂದು ಮುಖ. ಕಾಲ್ ಸೆಂಟರ್ ಮತ್ತು ಬಿಪಿಓ ಸಂಸ್ಥೆಗಳು ಇತರ ಸೇವಾದಾರರು ಎಂಬ ವರ್ಗದಲ್ಲಿ ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕಿತ್ತು. ತಮ್ಮ ಉದ್ಯೋಗಿಯನ್ನು ಮನೆಯಿಂದ ಕೆಲಸ ಮಾಡಿಸಲು 1 ಕೋಟಿ ರೂಪಾಯಿಯ ಬ್ಯಾಂಕ್ ಖಾತರಿ, ಪ್ರತ್ಯೇಕ ಒಪ್ಪಂದ, ಪೂರ್ವನಿಗದಿತ ಸ್ಥಳಗಳ ನಡುವಿನ ಖಾಸಗಿ ಜಾಲ ಇಷ್ಟೆಲ್ಲ ಬೇಕಿತ್ತು. ಕೆಲಸವೆಂದರೆ ಇಲಾಖೆಗೆ ಗೊತ್ತಿರುವ ಒಂದು ವಿಳಾಸದಲ್ಲಿ ನಡೆಯುವ ಕ್ರಿಯೆ ಎಂಬುದು ಆ ನಿಯಮಗಳ ತಳಹದಿ. 2020ರ ಮಾರ್ಚ್ 13ರಂದು ಸಾಂಕ್ರಾಮಿಕದ ನಿಮಿತ್ತ ಈ ಷರತ್ತುಗಳನ್ನು ತಾತ್ಕಾಲಿಕವಾಗಿ ಸಡಿಲಿಸಿ, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ, ಕೊನೆಗೆ ಅದೇ ವರ್ಷದ ನವೆಂಬರ್ 5ರ ಹೊಸ ಮಾರ್ಗಸೂಚಿಯಲ್ಲಿ ಬಹುತೇಕ ಕೈಬಿಡಲಾಯಿತು. ಕಂಪನಿಗಳ ಮೇಲಿನ ಕಟ್ಟು ಹೀಗೆ ಕೆಲವೇ ತಿಂಗಳಲ್ಲಿ ಸಡಿಲವಾಯಿತು. ಉದ್ಯೋಗಿಯ ಮನೆಯ ಸಂಪರ್ಕ ಕಡಿದರೆ ಆ ದಿನದ ನಷ್ಟ ಯಾರದ್ದೆಂಬ ಪ್ರಶ್ನೆಗೆ ಅಂಥ ಅವಸರ ಯಾರಿಗೂ ಕಾಣಲಿಲ್ಲ. 2020ರ ಡಿಸೆಂಬರ್ 31ರಂದು ಕೇಂದ್ರ ಕಾರ್ಮಿಕ ಸಚಿವಾಲಯವು ಪ್ರಕಟಿಸಿದ ಸೇವಾ ವಲಯದ ಮಾದರಿ ಸ್ಥಾಯಿ ಆದೇಶಗಳ ಕರಡು ಮನೆಯಿಂದ ಕೆಲಸವನ್ನು ಹೆಸರಿಸಿತಾದರೂ, ಅದನ್ನು ಮಾಲೀಕ ಮತ್ತು ಉದ್ಯೋಗಿಯ ನಡುವಿನ ಕರಾರಿನ ಷರತ್ತಿಗೇ ಬಿಟ್ಟಿತು.

ಗ್ರಾಹಕರ ಪರವಾಗಿ ಇರುವ ನಿಯಮಗಳು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಹೊರಡಿಸಿದವು. 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳು ಹೊಸ ಸಂಪರ್ಕಕ್ಕೆ 15 ಕೆಲಸದ ದಿನಗಳ ಮಿತಿ ಹಾಕಿ, ದೋಷವು ಮೂರು ಕೆಲಸದ ದಿನಗಳಿಗಿಂತ ಹೆಚ್ಚು ಉಳಿದರೆ ಸಂಪರ್ಕದ 7 ದಿನಗಳ ಬಾಡಿಗೆಯನ್ನೂ, ಏಳು ದಿನ ಮೀರಿದರೆ 15 ದಿನಗಳದ್ದನ್ನೂ, ಹದಿನೈದು ದಿನ ಮೀರಿದರೆ ಒಂದು ತಿಂಗಳಿನದ್ದನ್ನೂ ಬಿಡಬೇಕೆಂದು ಹೇಳಿದವು. 2024ರ ಆಗಸ್ಟಿನಲ್ಲಿ ಹೊರಬಂದು ಅಕ್ಟೋಬರ್ 1ರಿಂದ ಜಾರಿಯಾದ ಹೊಸ ನಿಯಮಗಳು, ಹಣ ಕಟ್ಟಿದ 7 ದಿನಗಳೊಳಗೆ ಶೇಕಡ 98ರಷ್ಟು ಸ್ಥಿರ ಸಂಪರ್ಕಗಳು ಚಾಲೂ ಆಗಬೇಕೆಂದು ಮಿತಿಯನ್ನು ಬಿಗಿಗೊಳಿಸಿದವು. ಆದರೆ ಮನೆ ಬದಲಾಯಿಸುವವರ ಖಾಲಿ ದಿನಗಳು ಈ ಲೆಕ್ಕಗಳ ಸಂದಿಯಲ್ಲಿ ಜಾರಿಹೋಗುತ್ತವೆ. ಹಳೆಯ ಸಂಪರ್ಕವು ಚಂದಾದಾರರ ಕೋರಿಕೆಯಂತೆಯೇ ಮುಚ್ಚಿದ್ದರಿಂದ ಅದನ್ನು ದೋಷವೆನ್ನಲಾಗದು, ಹೊಸ ವಿಳಾಸದಲ್ಲಿ ಎಳೆ ಇಲ್ಲದಿದ್ದರೆ ತಾಂತ್ರಿಕ ಸಾಧ್ಯತೆ ಇಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾಡಿಗೆಯ ವಿನಾಯಿತಿ ಸಿಕ್ಕರೂ ಅದು ತಿಂಗಳಿಗೆ ಕೆಲವು ನೂರು ರೂಪಾಯಿಗಳ ಒಂದು ಭಾಗವಷ್ಟೇ. ಕೆಲಸಕ್ಕೆ ಹಾಜರಾಗದ ದಿನದ ಸಂಬಳಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ. ಸೇವಾದಾರರ ದೂರು ಕೇಂದ್ರ, ಅದರ ಮೇಲೆ ಅವರದೇ ಮೇಲ್ಮನವಿ ಪ್ರಾಧಿಕಾರ, ಅದೂ ಕೈಕೊಟ್ಟರೆ ಗ್ರಾಹಕ ಆಯೋಗ ಎಂಬ ದಾರಿಯಿದ್ದು, ದೂರಸಂಪರ್ಕದ ದೂರುಗಳನ್ನು ಗ್ರಾಹಕ ವೇದಿಕೆಗಳು ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ಮನೆ ಬದಲಾವಣೆಯನ್ನು ಕಾನೂನಿನಲ್ಲಿಯೇ ಹೆಸರಿಸಿದ ದೇಶಗಳಿವೆ. ಜರ್ಮನಿಯಲ್ಲಿ 2021ರ ಡಿಸೆಂಬರ್ 1ರಿಂದ ಜಾರಿಗೆ ಬಂದ ದೂರಸಂಪರ್ಕ ಕಾಯ್ದೆಯು ಇದಕ್ಕೆಂದೇ ಒಂದು ಕಲಮನ್ನು ಮೀಸಲಿಟ್ಟು, ಹೊಸ ಮನೆಯಿರುವ ಕಡೆ ಸೇವೆ ಲಭ್ಯವಿದ್ದರೆ ಅದೇ ಕರಾರನ್ನು ಅದೇ ಷರತ್ತುಗಳೊಂದಿಗೆ ಅಲ್ಲಿ ಮುಂದುವರಿಸುವ ಹೊಣೆಯನ್ನು ಸೇವಾದಾರರ ಮೇಲೆ ಹೊರಿಸುತ್ತದೆ. ಲಭ್ಯವಿಲ್ಲದಿದ್ದರೆ ಚಂದಾದಾರರು ಒಂದು ತಿಂಗಳ ನೋಟಿಸು ಕೊಟ್ಟು ಹೊರಬರಬಹುದು. ಬ್ರಿಟನ್ನಿನಲ್ಲಿ 2019ರ ಏಪ್ರಿಲ್ 1ರಿಂದ ನಡೆಯುತ್ತಿರುವ ಸ್ವಯಂಚಾಲಿತ ಪರಿಹಾರ ವ್ಯವಸ್ಥೆಯಲ್ಲಿ, ಒಪ್ಪಿದ ದಿನಕ್ಕೆ ಹೊಸ ಸಂಪರ್ಕ ಆರಂಭವಾಗದಿದ್ದರೆ ದಿನಕ್ಕೆ 5 ಪೌಂಡುಗಳಂತೆ ಗ್ರಾಹಕರು ಕೇಳದೆಯೇ ಖಾತೆಗೆ ಜಮೆಯಾಗಬೇಕೆಂದು ಆರಂಭದಲ್ಲಿ ನಿಗದಿಪಡಿಸಲಾಯಿತು, ಆ ಮೊತ್ತವನ್ನು ಆಮೇಲೆ ಹೆಚ್ಚಿಸಲಾಗಿದೆ. ಪರಿಹಾರದ ಮೊತ್ತ ದೊಡ್ಡದೇನಲ್ಲ. ಒಪ್ಪಿದ ದಿನ ಎಂಬುದನ್ನು ಕಾಗದದಲ್ಲಿ ಬರೆಯಿಸುವುದೇ ಅದರ ದೊಡ್ಡ ಪರಿಣಾಮ, ಏಕೆಂದರೆ ಬರೆದ ದಿನಾಂಕವಿದ್ದರೆ ಉದ್ಯೋಗಿಯು ಆ ದಿನಕ್ಕೆ ರಜೆ ಹಾಕಿಕೊಳ್ಳಬಹುದು, ಇಲ್ಲವೇ ಬಂಧುಗಳ ಮನೆಯಲ್ಲಿ ಕುಳಿತು ಕೆಲಸ ಮಾಡುವ ಏರ್ಪಾಟು ಮಾಡಿಕೊಳ್ಳಬಹುದು.

ಜರ್ಮನಿಯ ಮಾದರಿಯನ್ನು ಹಾಗೆಯೇ ತರುವುದಕ್ಕಿಂತ, ಎಳೆಯನ್ನು ಮನೆಗೆ ಬಿಟ್ಟು ಖಾತೆಯನ್ನು ವ್ಯಕ್ತಿಗೆ ಕೊಡುವುದು ನಮ್ಮ ಸಣ್ಣ ಊರುಗಳಿಗೆ ಹೆಚ್ಚು ಹೊಂದುತ್ತದೆ. ಒಮ್ಮೆ ಎಳೆದ ಕೇಬಲ್, ಗೋಡೆಯ ಮೇಲಿನ ಪೆಟ್ಟಿಗೆ, ಸ್ಪ್ಲಿಟರಿನ ಕವಲು ಇವು ಕಟ್ಟಡದಲ್ಲಿಯೇ ಉಳಿದು, ಹೊಸದಾಗಿ ಬಂದವರು ತಮ್ಮ ಖಾತೆಯ ಗುರುತನ್ನು ಅದರಲ್ಲಿ ನಮೂದಿಸಿದ ಕೂಡಲೇ ಸೇವೆ ಆರಂಭವಾಗುವಂತಿದ್ದರೆ ಲೈನ್‌ಮನ್ ಬರುವವರೆಗೆ ಕಾಯಬೇಕಾಗಿಲ್ಲ. ಬಳಕೆದಾರರ ಹೆಸರು ಮತ್ತು ಗುಪ್ತಪದದ ಮೇಲೆ ನಡೆಯುವ ಸಂಪರ್ಕಗಳಲ್ಲಿ ಇದಕ್ಕೆ ಬೇಕಾದ ತಂತ್ರ ಈಗಾಗಲೇ ಇದೆ. ಅಡ್ಡಿಯಿರುವುದು ಪೆಟ್ಟಿಗೆಯ ಒಡೆತನದಲ್ಲಿ: ಪ್ರತಿ ಕಂಪನಿಯೂ ತನ್ನದೇ ಪೆಟ್ಟಿಗೆ ಕೊಟ್ಟು, ಬಿಟ್ಟು ಹೋಗುವಾಗ ವಾಪಸು ಕೇಳುತ್ತದೆ, ಇನ್ನೊಂದು ಕಂಪನಿ ಬಂದರೆ ಅದೇ ಗೋಡೆಗೆ ಮತ್ತೊಂದು ತೂತು ಕೊರೆಯುತ್ತದೆ. 2024ರ ಅಕ್ಟೋಬರಿನಲ್ಲಿ ಟ್ರಾಯ್ ಹೊರಡಿಸಿದ, ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಗುಣಮಟ್ಟಕ್ಕೆ ತಕ್ಕಂತೆ ನಕ್ಷತ್ರಗಳನ್ನು ಕೊಡುವ ನಿಯಮಗಳು ಸಂಪರ್ಕವು ಕಟ್ಟಡದ ಗುಣ ಎಂಬ ಚಿಂತನೆಯತ್ತ ಒಂದು ಹೆಜ್ಜೆಯೇನೋ ಹೌದು. ಅವು ಮುಖ್ಯವಾಗಿ ನಗರದ ದೊಡ್ಡ ಸಂಕೀರ್ಣಗಳಿಗೆ ಉಪಯೋಗವಾಗಬಹುದೇ ಹೊರತು, ತಾಲ್ಲೂಕು ಕೇಂದ್ರದ ಎರಡು ಕೋಣೆಯ ಬಾಡಿಗೆ ಮನೆಯನ್ನು ಯಾರೂ ನಕ್ಷತ್ರ ಕೊಡಲು ನೋಡಲಾರರು.

ಎಳೆ ಮನೆಗೆ, ಖಾತೆ ವ್ಯಕ್ತಿಗೆ ಎಂಬ ವ್ಯವಸ್ಥೆ ಬರುವವರೆಗೆ ಇರುವ ದಾರಿಯೆಂದರೆ ಎರಡೂ ಮನೆಗಳ ಸಂಪರ್ಕವನ್ನು ಕೆಲವು ದಿನ ಒಟ್ಟಿಗೆ ಇಟ್ಟುಕೊಳ್ಳುವುದು. ಸಂಪರ್ಕದ ಒಂದು ತಿಂಗಳ ಹೆಚ್ಚಿನ ಶುಲ್ಕವು ಒಂದು ದಿನದ ಸಂಬಳಕ್ಕಿಂತ ಕಡಿಮೆ ಇರುವ ಉದ್ಯೋಗಗಳಲ್ಲಿ ಇದು ಲಾಭದ ವ್ಯವಹಾರವೇ. ಹೊಸ ಮನೆಯಲ್ಲಿ ಸಂಪರ್ಕ ಸಾಧ್ಯವಿದೆಯೇ ಎಂಬುದನ್ನು ಮಾಲೀಕರಿಗೆ ಮುಂಗಡ ಕೊಡುವ ಮೊದಲು ವಿಚಾರಿಸಬೇಕು, ಮತ್ತು ಅದನ್ನು ಕಂಪನಿಯ ಸಹಾಯವಾಣಿಯಲ್ಲಿ ಕೇಳುವುದಕ್ಕಿಂತ ಆ ಓಣಿಯ ಕಂಬ ಹತ್ತುವ ಲೈನ್‌ಮನ್‌ನನ್ನು ಕೇಳುವುದು ಒಳ್ಳೆಯದು, ಏಕೆಂದರೆ ಸಹಾಯವಾಣಿಯವರ ಮುಂದಿರುವ ಪರದೆಯು ಪಿನ್‌ಕೋಡಿನ ಮೇಲೆ ಲಭ್ಯವೆಂದು ತೋರಿಸಬಹುದಾದರೂ, ಹತ್ತಿರದ ಸ್ಪ್ಲಿಟರಿನಲ್ಲಿ ಖಾಲಿ ಕವಲು ಉಳಿದಿದೆಯೇ ಎಂಬುದು ಅವನಿಗೆ ಗೊತ್ತಿರುತ್ತದೆ.